ಹೆಸರಿಗೆ ಇಪ್ಪತ್ತು ಸೆಕೆಂಡು

ನಮ್ಮ ಹಿಂದೂಪುರದ ರೇಡಿಯೋಗೆ ಈಗ ನಾಲ್ಕನೇ ಹೆಸರು. ಎರಡೇ ಇಂಗ್ಲಿಷ್ ಅಕ್ಷರ, ಸುತ್ತ ಒಂದು ನೇರಳೆ ಬಣ್ಣದ ಗುಂಡು. ಒಳಗೆ ಮಾತಾಡುವವರು ಯಾರೂ ಇಲ್ಲ. ಕಂಪ್ಯೂಟರು ಹಾಡಿನ ಹಿಂದೆ ಹಾಡು ಹಾಕುತ್ತದೆ, ನಡುವೆ ಯಾವಾಗಲೋ ರೆಕಾರ್ಡ್ ಮಾಡಿಟ್ಟ ಹುಡುಗಿಯೊಬ್ಬಳು ನಗುತ್ತಾಳೆ. ಅವಳಿಗೆ ಅಷ್ಟು ನಗು ಯಾಕೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ತೆಲುಗು ರೇಡಿಯೋದಲ್ಲಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ ಕನ್ನಡವಿತ್ತು. ಅದನ್ನು ನಡೆಸುತ್ತಿದ್ದವಳು ನಾನು. ಆ ಅರ್ಧ ಗಂಟೆ ಹೋದದ್ದಕ್ಕೆ ನನಗೆ ದುಃಖವಿದೆ. ಹೋದ ರೀತಿಗೆ ಇಲ್ಲ.

ಮೊದಲನೇ ಹೆಸರು ಗಾಡಿಯಷ್ಟು ಉದ್ದವಿತ್ತು, ಅದರಲ್ಲಿ ಗ್ರಾಮ, ಅಭಿವೃದ್ಧಿ ಎಲ್ಲ ಬರುತ್ತಿತ್ತು. ಹಸಿರು ಬೋರ್ಡು, ಅದರ ಮೇಲೆ ಒಂದು ನೇಗಿಲು. ಜನ ಅದನ್ನು 'ಮನ ರೇಡಿಯೋ', ಅಂದರೆ ನಮ್ಮ ರೇಡಿಯೋ, ಎಂದು ಕರೆದು ಸುಮ್ಮನಾದರು. ಕಡಲೆಕಾಯಿಗೆ ಬಂದ ರೋಗ, ಹುಣಸೆಹಣ್ಣಿನ ಮಾರ್ಕೆಟ್ಟು, ಕಳೆದುಹೋದ ಎಮ್ಮೆ, ಎಲ್ಲ ಅದರಲ್ಲೇ. ನನ್ನ ತವರು ಕಲ್ಯಾಣದುರ್ಗದ ಕಡೆ, ಕೊಟ್ಟದ್ದು ಹಿಂದೂಪುರಕ್ಕೆ. ಕಲ್ಯಾಣದುರ್ಗದ ಗುಡ್ಡದ ಮೇಲೂ ಒಂದು ಟವರ್ ನಿಲ್ಲಿಸಿದ ಮೇಲೆ ನನ್ನ ದನಿ ತವರಿಗೂ ಹೋಗತೊಡಗಿತು. ನನ್ನಮ್ಮ ಗುರುವಾರ ಹನ್ನೊಂದಕ್ಕೆ ರೇಡಿಯೋ ಮುಂದೆ ಕೂತು, ಆ ಕಡೆಯಿಂದ ನನಗೆ ಕೇಳಿಸುವುದಿಲ್ಲ ಅನ್ನುವುದನ್ನೇ ಮರೆತು ಉತ್ತರ ಕೊಡುತ್ತಿದ್ದಳಂತೆ.

ನನ್ನ ಕಾರ್ಯಕ್ರಮದಲ್ಲಿ ಹೆಂಗಸರು ಫೋನ್ ಮಾಡಿ ಮನೆಯವರಿಗೊಂದು ಹಾಡು ಕೇಳುತ್ತಿದ್ದರು. ಯಾರಿಗಮ್ಮಾ ಅಂದರೆ 'ನಮ್ಮೋರಿಗೆ' ಅನ್ನುವರು, 'ನಮ್ಮುಡುಗ್ರಪ್ಪಂಗೆ' ಅನ್ನುವರು. ಹೆಸರು ಮಾತ್ರ ಹೊರಗೆ ಬಾರದು. ನಮ್ಮ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಹಿರಿಯರ ಮಾತು. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡನ್ನೇ ಮುಂದೆ ತಳ್ಳುತ್ತೇವೆ. ಬಾಯಿಬಿಟ್ಟು ಹೇಳಲೇಬೇಕಾದರೆ ಅದಕ್ಕೆ ದಾರಿ ಒಡಪು. ಮದುವೆಯ ದಿನ ಹೊಸಿಲಲ್ಲಿ ನಾದಿನಿಯರು ಅಡ್ಡ ನಿಂತಾಗ ಹೇಳುವ ಹಾಗೆ ನಾಲ್ಕು ಸಾಲು ಪದ ಕಟ್ಟಿ, ಕೊನೆಗೆ ಹೆಸರನ್ನು ಇಡಬೇಕು. ಹಾಗೆ ಬಂದ ಹೆಸರಿಗೆ ದೋಷವಿಲ್ಲ. ನಾನು ಎಲ್ಲರಿಗೂ ಒಡಪು ಹಾಕಿಸತೊಡಗಿದೆ. ಒಬ್ಬೊಬ್ಬರಿಗೆ ಮೂರು ನಿಮಿಷ, ನಾಲ್ಕು ನಿಮಿಷ. ಹಿಂದಿನಿಂದ ಅತ್ತೆ ಹೇಳಿಕೊಡುವುದು, ಇವಳು ನಕ್ಕು ಮರೆಯುವುದು, ಮತ್ತೆ ಮೊದಲಿಂದ ಶುರು ಮಾಡುವುದು, ಎಲ್ಲ ಗಾಳಿಯಲ್ಲಿ ಹೋಗುತ್ತಿತ್ತು.

ಎರಡನೇ ಹೆಸರು ಯಾವುದೋ ಹೂವಿನದು. ಸೀರೆ ಅಂಗಡಿಯ ಜಾಹೀರಾತು ಬಂತು, ಎಮ್ಮೆ ಸುದ್ದಿ ಹೋಯಿತು. ನಮಗೇನೂ ತೊಂದರೆಯಾಗಲಿಲ್ಲ. ಮೂರನೇ ಹೆಸರು ತಂದವರು ದೊಡ್ಡ ಊರಿನವರು. ಹಳದಿ ಗೋಡೆ, ಗೋಡೆಯ ಮೇಲೆ ಬಾಗಿಲಗಲದ ಕೆಂಪು ತುಟಿ, ಆಟೋಗಳ ಬೆನ್ನಿಗೆಲ್ಲ ಅದೇ ತುಟಿ. ನಮಗೆ ಹಳದಿ ಟೀ ಶರ್ಟು. ನಾನು ಸೀರೆಯ ಮೇಲೇ ಹಾಕಿಕೊಂಡೆ. ನನ್ನ ಹೆಸರು ಉದ್ದವಾಯಿತೆಂದು ಮ್ಯಾನೇಜರು ಕತ್ತರಿಸಿ ಎರಡಕ್ಷರ ಮಾಡಿದರು. ನಾಯಿಮರಿಯನ್ನು ಕರೆದ ಹಾಗಿತ್ತು, ಆದರೂ ಓಗೊಟ್ಟೆ.

ಮ್ಯಾನೇಜರು ಕೆಟ್ಟವರೇನಲ್ಲ. ಚಿಕ್ಕ ವಯಸ್ಸು, ನನ್ನನ್ನು ಮೇಡಂಗಾರು ಎಂದೇ ಕರೆಯುತ್ತಿದ್ದರು. ಅವರಿಗೊಂದು ಲೆಕ್ಕವಿತ್ತು: ಕೇಳುಗರಿಗೆ ತಾಳ್ಮೆಯಿಲ್ಲ, ಒಂದು ಕಾಲ್‌ಗೆ 'ಇರವೈ ಸೆಕನ್ಲು, ಅಂತೇ'. ಇಪ್ಪತ್ತೇ ಸೆಕೆಂಡು, ಅಷ್ಟರಲ್ಲಿ ಹೆಸರು, ಊರು, ಹಾಡು ಯಾರಿಗೆ, ಕೊನೆಗೆ ನಮ್ಮ ರೇಡಿಯೋಗೆ ಒಂದು ಜೈ. ಕೆಂಪು ದೀಪ ಹತ್ತಿದ ಕೂಡಲೇ ನಾನೊಂದು ಗುಂಡಿ ಒತ್ತಬೇಕು. ಕಾಲ್ ಹೋಗಿ ರೇಡಿಯೋದ ಹೆಸರು ಹಾಡುವ ಜಿಂಗಲ್ ಬರುತ್ತದೆ. ಚಿಕ್ಕ ವಯಸ್ಸಿನ ಹುಡುಗಿಯರಿಗೆ ಇದು ಕಷ್ಟವಾಗಲಿಲ್ಲ. ಗಂಡನನ್ನು ಹೆಸರು ಹಿಡಿದು ಹೋಗೋ ಬಾರೋ ಎಂದು ಕರೆಯುವ ಕಾಲ. ನನ್ನ ಸೊಸೆಯೂ ಹಾಗೇ ಕರೆಯುತ್ತಾಳೆ, ನನಗೆ ತಕರಾರಿಲ್ಲ. ಹಳೆಯ ಕಾಲದ ಹೆಂಗಸರು ಮಾತ್ರ ಒಬ್ಬೊಬ್ಬರಾಗಿ ಫೋನ್ ಮಾಡುವುದನ್ನೇ ಬಿಟ್ಟರು. ನಾನಾದರೋ ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ಆ ಗುಂಡಿಯಲ್ಲಿ ಪಳಗಿಬಿಟ್ಟೆ. ದೀಪ ನೋಡದೆಯೇ ಇಪ್ಪತ್ತಕ್ಕೆ ಸರಿಯಾಗಿ ಒತ್ತುತ್ತಿದ್ದೆ. ಮ್ಯಾನೇಜರು ಹೊಗಳಿದಾಗ ಹಿಗ್ಗಿದ್ದೂ ಉಂಟು.

ಅಂಥದೊಂದು ಗುರುವಾರ ಬೆಳುಗುಪ್ಪದ ಹತ್ತಿರದ ಹಳ್ಳಿಯಿಂದ ಒಬ್ಬಾಕೆಯ ಫೋನ್ ಬಂತು. ಹಾಡು ಓಡುತ್ತಿತ್ತು, ಹಾಗಾಗಿ ಗಾಳಿಗೆ ಬಿಡುವ ಮುಂಚೆ ಎರಡು ಮಾತಾಡಲು ಸಿಕ್ಕಳು. ಕಡಲೆಕಾಯಿ ಕೀಳುವಾಗ ಮೈದುನಂದಿರ ಮುಂದೆ, ಕೂಲಿಯವರ ಮುಂದೆ, ಗಂಡನಿಗೆ ಕೈಲಾಗದವನು ಅಂದುಬಿಟ್ಟಿದ್ದಳಂತೆ. ಮಾತು ಆಡಿದರೆ ಹೋಯಿತು. ಅವನು ಗುದ್ದಲಿ ಅಲ್ಲೇ ಬಿಟ್ಟು ಹಿಂದೂಪುರಕ್ಕೆ ಬಂದು ಹುಣಸೆ ಮಂಡಿಯಲ್ಲಿ ಮೂಟೆ ಹೊರಲು ಸೇರಿದ್ದ. ಉಗಾದಿಗೂ ಹೋಗಿರಲಿಲ್ಲ. ಹಿರಿಯರು ಕರೆಯಲು ಬಂದಾಗ, ಹತ್ತು ಜನರ ಮುಂದೆ ಅಂದವಳು ಹತ್ತು ಜನರ ಮುಂದೆಯೇ ಮರ್ಯಾದೆ ಕೊಡಲಿ, ಆಮೇಲೆ ಬರುತ್ತೇನೆ ಎಂದು ಕಳಿಸಿದ್ದನಂತೆ. ಮಂಡಿಯಲ್ಲಿ ಹಣ್ಣು ಬಿಡಿಸುವವರು, ಹಮಾಲರು, ಎಲ್ಲರೂ ಗುರುವಾರ ನನ್ನ ಕಾರ್ಯಕ್ರಮ ಕೇಳುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು. ಮದುವೆಯ ದಿನದ ಮೇಲೆ ಅವಳು ಗಂಡನ ಹೆಸರು ಹೇಳಿದ್ದೇ ಇಲ್ಲ. ಇವತ್ತು ಒಡಪು ಕಟ್ಟಿಕೊಂಡು ಬಂದಿದ್ದಳು.

ಹಾಡು ಮುಗಿಯಿತು. ಅವಳನ್ನು ಗಾಳಿಗೆ ಬಿಟ್ಟೆ. ಅವಳು ಗಂಟಲು ಸರಿಮಾಡಿಕೊಂಡಳು, ಅದಕ್ಕೇ ಐದು ಸೆಕೆಂಡು ಹೋಯಿತು. ಆಮೇಲೆ ರಾಗವಾಗಿ ಹೇಳಿದಳು:

"ಹುಣಿಸೆಹಣ್ಣು ಹುಳಿಯಾದ್ರೂ ಸಾರಿಗದೇ ರುಚಿ,
ಹೆಣ್ಣಿನ ಬಾಯಿ ಹುಳಿಯಾದ್ರೂ ಒಳಗೆ ಮನಸು ಶುಚಿ,
ಹತ್ತು ಜನರ ಮುಂದೆ ನಾನು ಆಡಿದ್ಮಾತು ತಪ್ಪು,
ನೂರು ಜನರ ಮುಂದೆ ಹೇಳ್ತೀನಿ, ನನ್ನನ್ನಕ್ಕೆ ಉಪ್ಪು..."

ನನ್ನ ಬೆರಳು ಒತ್ತಿಬಿಟ್ಟಿತು. ಉಪ್ಪು ಯಾರು ಅನ್ನುವ ಮುಂಚೆ ಜಿಂಗಲ್ ಬಂತು, ಕೆಂಪು ತುಟಿಯವರ ಹುಡುಗಿ ಕಿಲಕಿಲ ನಕ್ಕಳು. ಒಡಪಿನಲ್ಲಿ ಹೆಸರು ಕೊನೆಗೇ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೆ ಗೊತ್ತಿತ್ತು? ಆದರೂ ಒತ್ತಿದೆ. ಛೇ ಅಂದುಕೊಂಡೆ, ಮುಂದಿನ ಕಾಲ್ ತೆಗೆದುಕೊಂಡೆ. ಸಂಜೆಯ ಹೊತ್ತಿಗೆ ಮರೆತೂ ಬಿಟ್ಟೆ.

ಮಾರನೆಯ ದಿನ ಗೇಟಿನ ಹತ್ತಿರ ಮೂವರು ನಿಂತಿದ್ದರು. ಕೂದಲಲ್ಲೆಲ್ಲ ಹುಣಸೆ ಧೂಳು. ನಡುವಿನವನೇ ಆಕೆಯ ಗಂಡ, ಉಳಿದಿಬ್ಬರು ಸಾಕ್ಷಿಗೆ ಬಂದ ಹಮಾಲರು. ಅವಳ ದನಿಯನ್ನು ಇವನು ಗುರುತು ಹಿಡಿದ ಕೂಡಲೇ ಮಂಡಿಯಲ್ಲಿ ಕೆಲಸ ನಿಲ್ಲಿಸಿ ಎಲ್ಲರೂ ಇವನ ಮುಖವನ್ನೇ ನೋಡುತ್ತ ಕಾದಿದ್ದರಂತೆ. ಹೆಸರು ಬರಲಿಲ್ಲ, ನಗು ಬಂತು. ಈಗ ಇಡೀ ಮಂಡಿ, ಅವನ ಹೆಂಡತಿ ಹೆಸರು ನುಂಗಿಬಿಟ್ಟಳು ಎಂದು ಆಡಿಕೊಳ್ಳುತ್ತಿತ್ತು. ಅವನು ಕೂಗಾಡಲಿಲ್ಲ.

"ಒಂದೇ ಮಾತು ಕೇಳ್ತೀನಿ ಮೇಡಂ. ನನ್ ಹೆಸ್ರತ್ರ ಬಂದು ಅವ್ಳು ನಿಲ್ಲಿಸಿದ್ಲಾ, ನೀವ್ ನಿಲ್ಲಿಸಿದ್ರಾ?"

ಲೈನ್ ಕಟ್ಟಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಜನರಿಗೆ ಎಷ್ಟು ಸಲ ಹಾಗೆ ಹೇಳಿಲ್ಲ. ಅವನ ಕಣ್ಣು ನೋಡಿ ನಾಚಿಕೆಯಾಯಿತು. ನಿಲ್ಲಿಸಿದವಳು ನಾನೇ ಅಂದೆ. ಅವನು ಜೊತೆಯವರ ಕಡೆ ತಿರುಗಿ ನೋಡಿದ, ಮತ್ತೆ ನನ್ನ ಕಡೆ ನೋಡಿದ.

"ಇಲ್ಲಿ ಗೇಟತ್ರ ಹೇಳಿದ್ರೆ ಏನ್ ಬಂತು? ಊರೆಲ್ಲ ಕೇಳ್ಬುಟ್ಟೈತೆ. ಅದ್ರಾಗೇ ಹೇಳ್ಬೇಕು ಕಣಮ್ಮ."

ಮ್ಯಾನೇಜರಿಗೆ ಹೇಳಿದೆ. ಅವರು ಕನಿಕರದಿಂದಲೇ ಕೇಳಿಸಿಕೊಂಡರು, ಆಮೇಲೆ ತಲೆಯಾಡಿಸಿದರು. ಗಾಳಿಯಲ್ಲಿ ಕ್ಷಮೆ ಕೇಳುವ ಪದ್ಧತಿ ಕಂಪನಿಯಲ್ಲಿಲ್ಲ, ಬ್ರ್ಯಾಂಡಿಗೆ ಕೆಟ್ಟ ಹೆಸರು ಬರುತ್ತದೆ ಅಂದರು. ಕನ್ನಡದ ಅರ್ಧ ಗಂಟೆ ಯಾಕೆ ಬೇಕೆಂದು ಮೇಲಿನವರು ಮೊದಲೇ ಕೇಳುತ್ತಿದ್ದಾರೆ, ನೀವೇ ಅವರ ಕೈಗೆ ಕೋಲು ಕೊಡಬೇಡಿ ಎಂದೂ ಹೇಳಿದರು. ಹೇಳಿದ್ದು ಸುಳ್ಳಲ್ಲ. ಆ ಅರ್ಧ ಗಂಟೆ ನನಗೆ ಬೇಕಾಗಿತ್ತು. ಮನೆಯಲ್ಲಿ ನನ್ನ ಮಾತಿಗೆ ಊ ಅನ್ನುವವರೂ ಕಡಿಮೆಯಾಗಿದ್ದ ವಯಸ್ಸು ಅದು. ಗುರುವಾರ ಮಾತ್ರ ಗೋರಂಟ್ಲದಿಂದ ಕಲ್ಯಾಣದುರ್ಗದವರೆಗೆ ಜನ ನನ್ನ ಮಾತಿಗೆ ಕಿವಿಗೊಡುತ್ತಿದ್ದರು.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ರಿಜಿಸ್ಟರಿನಿಂದ ನಂಬರು ತೆಗೆದು ಆಕೆಗೆ ಫೋನ್ ಮಾಡಿದೆ. ನನ್ನ ದನಿ ಗುರುತು ಹಿಡಿದಳು. ಒಡಪು ಚೆನ್ನಾಗಿಲ್ಲವೆಂದು ನಾನು ಕಟ್ ಮಾಡಿದೆ ಎಂದುಕೊಂಡಿದ್ದಳಂತೆ. ಅದನ್ನು ಕೇಳಿ ಅಳು ಬಂತು. ತಪ್ಪು ನನ್ನದು, ಬರುವ ಗುರುವಾರ ಇನ್ನೊಂದು ಸಲ ಹೇಳುತ್ತೀಯಾ ಎಂದು ಕೇಳಿದೆ. ಒಂದು ಸಲಕ್ಕೇ ಎದೆ ಬಡಿದುಕೊಂಡಿತ್ತು, ಎರಡನೇ ಸಲ ಆಗುತ್ತದೋ ಇಲ್ಲವೋ ಅಂದಳು. ಒಪ್ಪಲೂ ಇಲ್ಲ, ಬಿಡಲೂ ಇಲ್ಲ.

ಗುರುವಾರ ಮೊದಲನೇ ಹಾಡು ಹಾಕಿದೆ. ಫೋನ್ ಬರಲಿಲ್ಲ. ಎರಡನೇ ಹಾಡು ಮುಗಿಯುವಾಗ ಬಂತು. ಜಿಂಗಲ್ಲಿನ ದನಿಯನ್ನು ಪೂರ್ತಿ ಇಳಿಸಿ ಮೈಕ್ ತೆಗೆದೆ. ಹೋದ ವಾರ ಬೆಳುಗುಪ್ಪದ ಕಡೆಯಿಂದ ಮಾತಾಡಿದ ಹೆಣ್ಣುಮಗಳು ತಾನಾಗಿ ಮಾತು ನಿಲ್ಲಿಸಲಿಲ್ಲ, ಗುಂಡಿ ಒತ್ತಿದವಳು ನಾನು, ತಪ್ಪು ನನ್ನದು, ಈಗ ಆಕೆ ಪೂರ್ತಿ ಹೇಳುತ್ತಾಳೆ ಅಂದೆ. ಇಷ್ಟು ಹೇಳುವಷ್ಟರಲ್ಲೇ ಇಪ್ಪತ್ತು ಸೆಕೆಂಡು ದಾಟಿತ್ತು. ಕೆಂಪು ದೀಪ ಉರಿಯುತ್ತಿತ್ತು. ಗಾಜಿನ ಆಚೆ ಮ್ಯಾನೇಜರು ಎದ್ದು ನಿಂತರು. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

ಆಕೆ ಅವಸರ ಮಾಡಲಿಲ್ಲ. ಹುಣಿಸೆಹಣ್ಣಿನಿಂದಲೇ ಶುರು ಮಾಡಿ ಒಂದೊಂದು ಸಾಲನ್ನೂ ಎಳೆದು ಹೇಳಿದಳು. ಉಪ್ಪಿನ ಹತ್ತಿರ ಬಂದು ಒಂದು ಕ್ಷಣ ನಿಂತಳು. ಆಮೇಲೆ ಹೆಸರು ಹೇಳಿದಳು, ಅಪ್ಪನ ಹೆಸರು ಸೇರಿಸಿ, ಊರು ಸೇರಿಸಿ, ಪೂರ್ತಿಯಾಗಿ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳ ಸ್ವತ್ತು.

"ಈಗ ಕಟ್ ಮಾಡ್ಕಳಿ ಮೇಡಂ," ಅಂದಳು.

ನಾನು ಮಾಡಲಿಲ್ಲ. ಅವಳೂ ಕೂಡಲೇ ಫೋನ್ ಇಡಲಿಲ್ಲ. ಅವಳ ಮನೆಯ ಕೋಳಿಯ ಸದ್ದು, ಯಾರೋ ಕೊಡ ಇಟ್ಟ ಸದ್ದು, ಅಷ್ಟೇ ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಕೇಳಿಸಿತು. ಆಮೇಲೆ ಅವಳೇ ಇಟ್ಟಳು.

ಮುಂದಿನ ಗುರುವಾರ ನನ್ನ ಅರ್ಧ ಗಂಟೆಯಲ್ಲಿ ತೆಲುಗು ಹಾಡುಗಳು ಬಂದವು. ಮ್ಯಾನೇಜರು ಮುಖ ಕೊಟ್ಟು ಮಾತಾಡಲಾರದೆ ಮೆಸೇಜ್ ಕಳಿಸಿದ್ದರು. ಬೈಯುವಷ್ಟು ಸಿಟ್ಟಿತ್ತು, ಬೈಯಲು ಎದುರಿಗೆ ಯಾರೂ ಇರಲಿಲ್ಲ. ತಿಂಗಳಾದ ಮೇಲೆ ಮನೆಗೆ ಹುಣಸೆಹಣ್ಣು ಕೊಳ್ಳಲು ಮಂಡಿಗೆ ಹೋದಾಗ, ಹಮಾಲರ ಮೇಸ್ತ್ರಿಯ ಹತ್ತಿರ ಅವನ ವಿಷಯ ಕೇಳಿದೆ. ಹೆಂಡತಿ ಹೆಸರು ಹೇಳಿದ ವಾರದ ಶನಿವಾರವೇ ಊರಿನ ಬಸ್ಸು ಹತ್ತಿದನಂತೆ. ತನ್ನ ರೇಡಿಯೋವನ್ನು ಮಂಡಿಯ ಹಮಾಲರಿಗೇ ಕೊಟ್ಟು ಹೋಗಿದ್ದ. ಇದನ್ನೂ ತಗೊಂಡು ಹೋಗೋ ಎಂದು ಮೇಸ್ತ್ರಿ ಹೇಳಿದ್ದಕ್ಕೆ ಅವನು ಅಂದದ್ದು ಇಷ್ಟು:

"ಇನ್ನೇನೈತಣ್ಣ ಅದ್ರಾಗೆ ಕೇಳಕ್ಕೆ."