ಮುಹೂರ್ತ ಕಡಿಮೆಯಾದ ವರ್ಷ

ಆಗ ನಯಾಪೈಸೆ ಬಂದ ಹೊಸತು. ಮದುವೆಮನೆಗಳಿಗೆ ಅಡುಗೆಯವರನ್ನೂ ಬಡಿಸುವವರನ್ನೂ ಕಳಿಸಿಕೊಡುವ ಸಾಹುಕಾರರೊಬ್ಬರಿಗೆ ಸೊರಬದ ಕಡೆಯ ವ್ಯವಹಾರವನ್ನು ನಾನು ನೋಡಿಕೊಳ್ಳುತ್ತಿದ್ದೆ. ಯುಗಾದಿ ಕಳೆದ ಮೇಲೆ ಲೆಕ್ಕ ಒಪ್ಪಿಸಲು ಶಿರಾಳಕೊಪ್ಪದ ಅವರ ಮನೆಗೆ ಹೋದೆ. ಹಿಂದಿನ ವರ್ಷದ ಗಳಿಕೆ ಚೆನ್ನಾಗಿಯೇ ಇತ್ತು. ಬರುವ ವರ್ಷ ಅದರ ದುಪ್ಪಟ್ಟು ಎಂದು ದೀಪಾವಳಿಯಲ್ಲಿ ನಾನೇ ಜಂಬ ಕೊಚ್ಚಿದ್ದೆ. ಈಗ ಹೊಸ ಪಂಚಾಂಗ ತೆರೆದರೆ ಮದುವೆಯ ಮುಹೂರ್ತಗಳೇ ಕಡಿಮೆ!

“ಈ ವರ್ಷ ಅರ್ಧಕ್ಕೆ ಇಳೀಬಹುದು, ಸಾಹುಕಾರ್ರೇ,” ಎಂದೆ.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಸದ್ಯ, ಬದುಕಿದ್ವಿ ಬಿಡ್ರಿ!”

ಸಾಹುಕಾರರು ನಕ್ಕೇಬಿಟ್ಟರು. “ಅಡುಗೆಯವರನ್ನ ಕಳಿಸಿದ ಮನೆಯೋರೆಲ್ಲ ನಮ್ಮನ್ನ ಮದುವೆಗೆ ಕರೀತಾರಪ್ಪ. ಬರಿಗೈಲಿ ಹೋಗಕ್ಕಾಗ್ತದಾ? ಬಂದ ಲಾಭ ಎಲ್ಲಾ ಮುಯ್ಯಿ ಮಾಡೋದಕ್ಕೇ ಹೋತು. ಲಗ್ನಪತ್ರಿಕೆ ಹಿಡಕೊಂಡು ಯಾರಾದ್ರೂ ಬಂದ್ರೆ ಇವಳು ಈಗ ಬಾಗಿಲೇ ತೆಗೆಯಲ್ಲ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಕೆ ಕೊಟ್ಟ ಖಾರಮಂಡಕ್ಕಿಯನ್ನು ಇನ್ನೊಂದು ಸಲ ಹಾಕಿಸಿಕೊಂಡು ತಿಂದೆ.

ಆ ವರ್ಷದ ಕೆಲವೇ ಮುಹೂರ್ತಗಳಲ್ಲಿ ಒಂದು ನನ್ನದಾಗಿತ್ತು. ಅವರಿಗೆ ಕೊಡಲೆಂದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದ ಲಗ್ನಪತ್ರಿಕೆಯನ್ನು ಹಾಗೆಯೇ ವಾಪಸು ತಂದೆ.