ಹೊನ್ನಾಳಿ ಸೇತುವೆಯ ಮೇಲೆ ಹಾಡು ಬಂತು

ಸ್ನೇಹಿತರೇ, ಹಾಡಿನಲ್ಲೇ ಕಥೆ ಹೇಳುವ ಸಿನಿಮಾಗಳನ್ನು ಕಾರು ಓಡಿಸುವವರಿಗೆ ಶಿಫಾರಸು ಮಾಡಬೇಡಿ. ಎಲ್ಲೋ ಓದಿ, ನಾನೇ ನೋಡಿರದ ಒಂದನ್ನು ಸೋದರಮಾವನಿಗೆ ಹೇಳಿಬಿಟ್ಟೆ. ಅವರು ಕಾರಿನ ಪರದೆಯಲ್ಲಿ ಸಿನಿಮಾ ಹಾಕಿಕೊಂಡೇ ಓಡಿಸುವವರು. ಹಾಡು ಶುರುವಾದರೆ ಮಾತ್ರ ಬೇಸರಪಟ್ಟು ರಸ್ತೆ ನೋಡುತ್ತಾರೆ. ನಮ್ಮ ಜೀವ ಇಷ್ಟು ದಿನ ಉಳಿದದ್ದೇ ಹಾಡುಗಳಿಂದ.

ಇವತ್ತು ಹೊನ್ನಾಳಿ ಸೇತುವೆಯ ಮೇಲೆ ಹಾಡು ಬಂತು. ಮಾವ ಪರದೆಯಿಂದ ಕಣ್ಣು ಕೀಳಲಿಲ್ಲ. ಎದುರಿಗೆ ಭತ್ತದ ಲಾರಿ.

"ರೀ, ಮುಂದೆ ನೋಡ್ರೀ!" ಅತ್ತೆ ಚೀರಿದರು.

"ಹೆಂಗೆ ನೋಡ್ಲಿ? ಹಾಡಿನಾಗೇ ಕಥೆ ಐತೆ, ಬಿಟ್ರೆ ಮುಂದಿಂದು ತಿಳಿಯಾಕಿಲ್ಲ!"

ಲಾರಿ ನಮ್ಮ ಕನ್ನಡಿ ಸವರಿಕೊಂಡು ಹೋಯಿತು.

ಸಿನಿಮಾ ಹೇಗಿದೆ ಎಂದು ನನ್ನನ್ನು ಕೇಳಬೇಡಿ. ನಾನೂ ಅತ್ತೆಯೂ ಕಣ್ಣು ಮುಚ್ಚಿಕೊಂಡಿದ್ದೆವು. ಪೂರ್ತಿ ನೋಡಿದ್ದು ಡ್ರೈವರ್ ಒಬ್ಬರೇ.