ಡಿಸ್ಕಿನೊಳಗಿನ ತಲೆ

ನಮ್ಮ ಬೀದಿಯ ದರ್ಜಿ ಒಂದು ಗುಂಡಿಯನ್ನೂ ಮುಟ್ಟಿ, ಎಳೆದು ನೋಡದೆ ಕೊಂಡವನಲ್ಲ. ಒಂದು ಆಸ್ಪತ್ರೆಯವರು ಅವನ ಹೆಂಡತಿಯ ತಲೆಯನ್ನು ಸ್ಕ್ಯಾನ್ ಮಾಡಿ ಡಿಸ್ಕಿನಲ್ಲಿ ಹಾಕಿ ಕೊಟ್ಟರು. ಅದನ್ನು ನೋಡಬೇಕಾದ ದೊಡ್ಡ ಡಾಕ್ಟರು ಇನ್ನೊಂದು ಆಸ್ಪತ್ರೆಯಲ್ಲಿ. ಅವರ ಕಂಪ್ಯೂಟರಿಗೆ ಡಿಸ್ಕ್ ಹಾಕುವ ಬಾಯೇ ಇಲ್ಲ. ಈ ಸಂಪತ್ತಿಗೆ ಡಿಸ್ಕ್ ಯಾಕಾದರೂ ಕೊಡುತ್ತಾರೋ!

"ನಾನೇ ಡಿಸ್ಕ್ ಓದೋ ಡ್ರೈವ್ ಒಂದು ತಂದ್ಬಿಡ್ತೀನಿ ಬಿಡಿ," ಎಂದು ದರ್ಜಿ ಅಂಗಡಿಗೆ ಹೋದ. ಹೊಲಿಗೆ ಪರೀಕ್ಷಿಸುವಂತೆ ತಂತಿಯ ಬುಡವನ್ನು ಎಳೆದೆಳೆದು ನೋಡಿದ. "ಇದಕ್ಕೆ ಬೇರೆ ಕರೆಂಟು ಬೇಕಾ? ಅವರ ಮೇಜಿನ ಹತ್ರ ಪ್ಲಗ್ ಇಲ್ದಿದ್ರೆ?" ಎಂದು ಕೇಳಿ, ಕಂಪ್ಯೂಟರಿನಿಂದಲೇ ಓಡುವ ತೆಳ್ಳನೆಯದೊಂದನ್ನು ಆರಿಸಿದ.

ಮರುದಿನ ಡಾಕ್ಟರು ಅದನ್ನು ಸಿಕ್ಕಿಸಿದರು. ಡಿಸ್ಕೇನೋ ಗುರ್ರೆಂದು ತಿರುಗಿತು, ಪರದೆಯ ಮೇಲೆ ಮಾತ್ರ ಕೆಂಪು ಅಕ್ಷರ ಮೂಡಿತು.

"ಹೊರಗಿನ ಸಾಮಾನು ಒಪ್ಪಲ್ಲ ಇದು. ಇಲ್ಲಿನ ಎಲ್ಲಾ ಕಂಪ್ಯೂಟರಿಗೂ ಬೀಗ ಹಾಕಿದಾರೆ, ನನ್ನ ಕೈಲೂ ಏನಿಲ್ಲ," ಎಂದರು ಡಾಕ್ಟರು.

ದರ್ಜಿ ಅಳತೆಯ ಟೇಪಿನಂತೆ ಆ ತಂತಿಯನ್ನು ಬೆರಳಿಗೆ ಸುತ್ತತೊಡಗಿದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೇಜಿನತ್ತ ಬಾಗಿದಳು.

"ಡಾಕ್ಟ್ರೇ, ಅದ್ರೊಳಗಿರೋ ತಲೆ ಇಲ್ಲೇ ಇದೆಯಲ್ಲ. ಇದನ್ನಾದ್ರೂ ಒಂಚೂರು ನೋಡಿ."